ತುಳು ಪ್ರಬಂಧದಲ್ಲಿ ಐಪಿಎ ಚಿಹ್ನೆಗಳು ಡಬ್ಬಿಯಾಗುತ್ತಿವೆ: ಯಾವ ಫಾಂಟ್, ಯಾವ ತಂತ್ರಾಂಶ?

ಪದಪಟ್ಟಿ_ತುಳು

ಕನ್ನಡದಲ್ಲಿ ಬರೆದ ಪಿಎಚ್.ಡಿ. ಪ್ರಬಂಧ. ವಿಷಯ ತುಳುವಿನ ಪ್ರಾದೇಶಿಕ ಭೇದಗಳ ಧ್ವನಿ ವಿಶ್ಲೇಷಣೆ. ವರ್ಡ್ ಕಡತ, 280 ಪುಟ. ಮೊದಲ ಮೂರು ಅಧ್ಯಾಯಗಳ ಕನ್ನಡ ನುಡಿ 01 ಇ ಫಾಂಟಿನಲ್ಲಿದೆ, ಉಳಿದದ್ದು ಯೂನಿಕೋಡ್. ಐಪಿಎ (ಅಂತರರಾಷ್ಟ್ರೀಯ ಧ್ವನಿ ವರ್ಣಮಾಲೆ) ಚಿಹ್ನೆಗಳಲ್ಲಿ ಅರ್ಧ ಎಸ್‌ಐಎಲ್ ಎಂಬ ಭಾಷಾ ಸಂಸ್ಥೆಯ ಹಳೆಯ ಡೂಲೋಸ್ ಐಪಿಎ93 ಫಾಂಟಿನವು, ಇನ್ನರ್ಧ ಇನ್ಸರ್ಟ್ ಸಿಂಬಲ್ ಪೆಟ್ಟಿಗೆಯಿಂದ ಆರಿಸಿ ಹಾಕಿದವು.

ತೊಂದರೆ ಮೂರು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಚಿಹ್ನೆಗಳ ಜಾಗದಲ್ಲಿ ಚೌಕ ಡಬ್ಬಿ. ನುಡಿಯನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಐಪಿಎ ಪದಗಳೂ ಕನ್ನಡವಾಗಲು ಹೋಗಿ ಕಲಸುಮೇಲೋಗರ. ಪ್ರೆಸ್ಸಿನವರ ಬಳಿ ಇರುವುದು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶ. ಯಾವ ಫಾಂಟ್ ಹಾಕಿದರೆ ಇದೆಲ್ಲ ಒಂದೇ ಏಟಿಗೆ ಸರಿಹೋಗುತ್ತದೆ?

ಅಚ್ಚುಮೊಳೆ

ಒಂದೇ ಏಟಿಗೆ ಯಾವುದೂ ಹೋಗಲ್ಲ. ಫಾಂಟ್ ಯಾವುದು ಅನ್ನೋದು ಕೊನೆಯ ಪ್ರಶ್ನೆ, ಮೊದಲು ಕಡತದೊಳಗೆ ಏನು ಕೂತಿದೆ ನೋಡಿ.

ಹಳೆಯ 8 ಬಿಟ್ ಫಾಂಟುಗಳು ಅಂದರೆ 256 ಮನೆಗಳ ವಠಾರ. ಇಂಗ್ಲಿಷ್ ಅಕ್ಷರಗಳಿದ್ದ ಮನೆಗಳಲ್ಲಿ ನುಡಿಯವರು ಕನ್ನಡದ ತುಂಡುಗಳನ್ನು ಕೂರಿಸಿದರು, ಐಪಿಎ93 ಮಾಡಿದವರು ಧ್ವನಿಚಿಹ್ನೆಗಳನ್ನು ಕೂರಿಸಿದರು. ಕಡತದಲ್ಲಿ ಉಳಿಯುವುದು ಮನೆ ನಂಬರ್ ಮಾತ್ರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ನಂಬರಿಗೆ ಬೇರೆ ಬಾಡಿಗೆದಾರ ಬಂದು ಕದ ತೆಗೆಯುತ್ತಾನೆ. ಯೂನಿಕೋಡಿನಲ್ಲಿ ಹಾಗಲ್ಲ. ಐಪಿಎಗೆಂದೇ 0250ರಿಂದ 02ಎಎಫ್ ತನಕ 96 ಮನೆಗಳ ಬೀದಿ ಇದೆ, ಮೇಲೆ ಕೆಳಗೆ ಕೂರುವ ಗುರುತುಗಳಿಗೆ 0300ರಿಂದ 036ಎಫ್ ತನಕ ಇನ್ನೊಂದು ಬೀದಿ. ಆ ವಿಳಾಸಗಳು ಯಾರ ಕಂಪ್ಯೂಟರಿನಲ್ಲೂ ಬದಲಾಗುವುದಿಲ್ಲ.

ಪರೀಕ್ಷೆ ಸುಲಭ. ವರ್ಡಿನಲ್ಲಿ ಅನುಮಾನದ ಚಿಹ್ನೆಯ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿ. ಚಿಹ್ನೆ ಹೋಗಿ ಕೋಡ್ ಕಾಣುತ್ತದೆ, ಮತ್ತೆ ಒತ್ತಿದರೆ ಚಿಹ್ನೆ ವಾಪಸ್. 0283, 0288 ಥರದ್ದು ಬಂದರೆ ಅದು ಯೂನಿಕೋಡ್, ಮುಟ್ಟಬೇಡಿ. ಎಫ್0 ಎಂದು ಶುರುವಾದರೆ ಹಳೆಯ ಸಿಂಬಲ್ ಫಾಂಟ್. ಕನ್ನಡ ಕಾಣುವ ಕಡೆ 00 ಎಂದು ಶುರುವಾದರೆ ನುಡಿಯೋ ಬರಹ ತಂತ್ರಾಂಶದ ಹಳೆಯ ಫಾಂಟೋ ಇರಬೇಕು.

ಇನ್ಸರ್ಟ್ ಸಿಂಬಲ್‌ನಿಂದ ಸಿಂಬಲ್ ಫಾಂಟಿನ ಚಿಹ್ನೆ ಹಾಕಿದ್ದರೆ ಇನ್ನೊಂದು ಕಿತಾಪತಿ ಇದೆ. ಮ್ಯಾಕ್ರೋದಲ್ಲಿ ಅದರ ಕೋಡ್ ಕೇಳಿದರೆ ಯಾವ ಚಿಹ್ನೆಯಾದರೂ 40 ಅನ್ನುತ್ತದೆ, ಅಂದರೆ ಎಡ ಆವರಣ ಚಿಹ್ನೆ. ಹೀಗಾಗಿ ಹುಡುಕಿ ಬದಲಿಸುವ ಸಾದಾ ದಾರಿಯಲ್ಲಿ ಅವು ಕೈಗೆ ಸಿಗುವುದಿಲ್ಲ. ಕಡತದ ಒಂದು ನಕಲು ಮಾಡಿ, ವಿಸ್ತರಣೆಯನ್ನು ಡಾಕ್ಸ್‌ನಿಂದ ಜಿಪ್‌ಗೆ ಬದಲಿಸಿ ಬಿಚ್ಚಿ, ಒಳಗಿನ ಡಾಕ್ಯುಮೆಂಟ್ ಎಕ್ಸ್‌ಎಂಎಲ್ ಕಡತ ತೆರೆಯಿರಿ. ಇಂಥ ಚಿಹ್ನೆಗಳು ಸಿಮ್ ಎಂಬ ಟ್ಯಾಗಿನೊಳಗೆ ಫಾಂಟಿನ ಹೆಸರು, ನಿಜವಾದ ಕೋಡ್ ಎರಡನ್ನೂ ಹೊತ್ತು ಕೂತಿರುತ್ತವೆ.

ಬಾಲದ_ಟ

ಅಚ್ಚುಮೊಳೆಯವರ ಮಾತಿಗೆ ಸೇರಿಸುತ್ತೇನೆ. ಚಿಹ್ನೆಗಳನ್ನು ಇಲ್ಲಿ ಅಂಟಿಸುತ್ತಿಲ್ಲ. ಅಂಟಿಸಿದರೆ ನೋಡುವವರ ಫೋನಿನ ಫಾಂಟ್ ತೋರಿಸಿದ್ದೇ ರೂಪ, ಅದರಿಂದಲೇ ಅರ್ಧ ಗೊಂದಲ. ಕೋಡ್ ಕೊಡುತ್ತೇನೆ. ಕೋಡಿನೊಳಗಿನ ಎ, ಬಿ, ಡಿ, ಇ, ಎಫ್ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳು.

ಟ 0288, ಡ 0256, ಣ 0273, ಳ 026ಡಿ, ಷ 0282, ಶ 0283, ಞ 0272, ಙ 014ಬಿ. ವ ತುಟಿ ಹಲ್ಲು ಸವರಿಕೊಂಡು ಹೋಗುವ ಧ್ವನಿಯಾದ್ದರಿಂದ 028ಬಿ. ಒಂದೇ ತಟ್ಟಿನ ರ 027ಇ. ತ, ದಗಳ ದಂತ್ಯ ಗುರುತು 032ಎ, ಅಕ್ಷರದ ನಂತರ ಟೈಪ್ ಮಾಡಬೇಕು. ದೀರ್ಘ ಚಿಹ್ನೆ 02ಡಿ0. ಅಘೋಷ ಮಹಾಪ್ರಾಣ 02ಬಿ0, ಘೋಷ ಮಹಾಪ್ರಾಣ 02ಬಿ1. ತುಳುವಿಗೆ ಬೇಕಾದ ಇನ್ನೆರಡು: ಪದದ ಕೊನೆಯ ಅರ್ಧ ಉಕಾರ 026ಎಫ್, ವಿವೃತ ಎಕಾರ 025ಬಿ. ಚ, ಜಗಳನ್ನು ಎರಡಕ್ಷರದಲ್ಲಿ ಬರೆಯುವವರು ಎರಡರ ನಡುವೆ 0361 ಹಾಕಬೇಕು. ಮೊದಲ ಅಕ್ಷರ, ಆಮೇಲೆ ಕಮಾನು, ಆಮೇಲೆ ಎರಡನೆಯ ಅಕ್ಷರ. ಎರಡೂ ಮುಗಿದ ಮೇಲೆ ಹಾಕಿದರೆ ಕಮಾನು ಪಕ್ಕದ ಸ್ವರದ ತಲೆಗೆ ಹೋಗುತ್ತದೆ.

ವೇಷಧಾರಿಗಳ ಕಾಟ ಬೇರೆ. ದೀರ್ಘಕ್ಕೆ 02ಡಿ0 ಬದಲು ಕೀಲಿಮಣೆಯ ಕೋಲನ್ ಹಾಕಿದ ಪ್ರಬಂಧಗಳು ರಾಶಿ ಇವೆ. ಕಣ್ಣಿಗೆ ಹೆಚ್ಚು ವ್ಯತ್ಯಾಸವಿಲ್ಲ, ಆದರೆ ಕೋಲನ್ ವಿರಾಮಚಿಹ್ನೆ. ಪದದ ಮೇಲೆ ಎರಡು ಸಲ ಒತ್ತಿದರೆ ಅರ್ಧ ಪದವಷ್ಟೇ ಆಯ್ಕೆಯಾಗುತ್ತದೆ, ಪದಸೂಚಿ ಮಾಡುವಾಗ ಒಂದು ಪದ ಎರಡಾಗುತ್ತದೆ. ಶಕಾರಕ್ಕೆ ಗಣಿತದ ಅನುಕಲನ ಚಿಹ್ನೆ 222ಬಿ, ತಲೆಕೆಳಗಾದ ಇ 0259ಕ್ಕೆ ಆಫ್ರಿಕದ ಭಾಷೆಗಳ 01ಡಿಡಿ, ವಿವೃತ ಎಕಾರಕ್ಕೆ ಗ್ರೀಕ್ ಎಪ್ಸಿಲಾನ್ 03ಬಿ5, ಗ್ಲಾಟಲ್ ಸ್ಟಾಪ್ (ಗಂಟಲಲ್ಲಿ ಉಸಿರು ತಡೆಯುವ ಧ್ವನಿ) 0294ಕ್ಕೆ ಪ್ರಶ್ನಾರ್ಥಕ ಚಿಹ್ನೆ. ಮಹಾಪ್ರಾಣಕ್ಕೆ ಸಾದಾ ಎಚ್ ಬರೆದು ಸೂಪರ್‌ಸ್ಕ್ರಿಪ್ಟ್ ಮಾಡಿದ್ದಂತೂ ಎಕ್ಸೆಲ್‌ಗೆ ಅಂಟಿಸಿದ ಕೂಡಲೇ ಕೆಳಗಿಳಿದು ಇಡೀ ಎಚ್ ಆಗುತ್ತದೆ. ಗ ಒಂದಕ್ಕೆ ಮಾತ್ರ ರಿಯಾಯಿತಿ: 0261ರ ಗ, ಕೀಲಿಮಣೆಯ ಸಾದಾ ಗ ಎರಡನ್ನೂ ಐಪಿಎ ಒಪ್ಪುತ್ತದೆ. ಆದರೆ ಒಂದೇ ಕಡತದಲ್ಲಿ ಎರಡೂ ಬೇಡ.

ಲಿಪಿಪ್ರಿಯ

ಒಂದು ಮೂಲಭೂತ ಪ್ರಶ್ನೆ. ಕನ್ನಡ ಲಿಪಿಯೇ ಉಚ್ಚಾರಕ್ಕೆ ಹತ್ತಿರ ಇದೆ. ಟ, ತ ಬೇರೆ, ಳ, ಲ ಬೇರೆ. ತುಳುವನ್ನು ಕನ್ನಡ ಲಿಪಿಯಲ್ಲೇ ಬರೆದು ಬೇಕಾದ ಕಡೆ ಒಂದು ಚುಕ್ಕೆ ಇಟ್ಟರೆ ಸಾಲದೇ? ಈ ಬಾಲ, ಕೊಕ್ಕೆಗಳ ಗೊಡವೆ ಯಾಕೆ?

ಬಾಲದ_ಟ

ಸಾರ್, "ಯಾನ್ ಬತ್ತೆ" ಅಂದರೆ ನಾನು ಬಂದೆ. "ಆಯೆ ಬತ್ತೆ" ಅಂದರೆ ಅವನು ಬಂದ. ಕನ್ನಡ ಲಿಪಿಯಲ್ಲಿ ಎರಡೂ ಬತ್ತೆ. ಬಾಯಲ್ಲಿ ಮೊದಲನೆಯದರ ಕೊನೆಯ ಸ್ವರ ಅಗಲ, ಎರಡನೆಯದು ಕಿರಿದು. ಯಾರು ಬಂದರು ಅನ್ನೋದನ್ನು ಹೇಳುತ್ತಿರುವುದೇ ಆ ಸ್ವರ. ಪದಾಂತ್ಯದ ಅರ್ಧ ಉಕಾರವನ್ನೂ ನಾವು ಅರ್ಧಾಕ್ಷರದ ಗುರುತು ಹಾಕಿಯೇ ಬರೆಯುತ್ತೇವೆ, ನಿಜವಾಗಿ ವ್ಯಂಜನದಲ್ಲಿ ಮುಗಿಯುವ ಪದಕ್ಕೂ ಅದೇ ಗುರುತು. ಪತ್ರಿಕೆಗೆ, ಕಥೆಗೆ ಇದು ಧಾರಾಳ ಸಾಕು. ಧ್ವನಿಭೇದವೇ ಪ್ರಬಂಧದ ವಿಷಯವಾದಾಗ ಸಾಲದು.

ಚುಕ್ಕೆ ಇಡಬಹುದು. ಆದರೆ ಆ ಚುಕ್ಕೆ ನಿಮ್ಮ ಪ್ರಬಂಧದ ಹೊರಗೆ ಯಾರಿಗೂ ಗೊತ್ತಿರುವುದಿಲ್ಲ. ಮೇಲಾಗಿ ಕನ್ನಡದ ಅಕ್ಷರಕ್ಕೆ ಲ್ಯಾಟಿನ್ ಬೀದಿಯ ಗುರುತನ್ನು ಜೋಡಿಸಿದರೆ ಬಹಳಷ್ಟು ಫಾಂಟುಗಳು ಅದನ್ನು ಒಪ್ಪದೆ ಚುಕ್ಕಿವೃತ್ತ ತೋರಿಸುತ್ತವೆ, ಇಲ್ಲವೇ ಗುರುತನ್ನು ಪಕ್ಕಕ್ಕೆ ಎಸೆಯುತ್ತವೆ.

ಲಿಪಿಯ ಮಾತು ಬಂತು ಅಂತ ಒಂದು ತಮಾಷೆ: ಹಳಗನ್ನಡದ ೞಕ್ಕೆ ಯೂನಿಕೋಡಿನಲ್ಲಿ ಅಧಿಕೃತ ಹೆಸರು "ಫ". ತಪ್ಪಾಗಿ ಬಿದ್ದ ಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಪದ್ಧತಿ ಅಲ್ಲಿಲ್ಲವಾದ್ದರಿಂದ ಪಕ್ಕದಲ್ಲಿ ತಿದ್ದುಪಡಿ ಹೆಸರು ಸೇರಿಸಿದ್ದಾರೆ. ಕ್ಯಾರೆಕ್ಟರ್ ಮ್ಯಾಪಿನಲ್ಲಿ ೞ ಹುಡುಕುವವರು 0ಸಿಡಿಇ ಎಂದು ಹುಡುಕಿ. ಅದರ ಧ್ವನಿಗೆ ಐಪಿಎಯಲ್ಲಿ 027ಬಿ.

ಪದಪಟ್ಟಿ_ತುಳು

ಪರೀಕ್ಷೆ ಮಾಡಿದೆ. ಐಪಿಎ93ರವು ಎಫ್0 ತೋರಿಸುತ್ತಿವೆ. ಹೊಸದಾಗಿ ಕೋಡ್ ಕೊಟ್ಟು ಟೈಪ್ ಮಾಡಲು ನೋಡಿದರೆ ಕಣ್ಣು ಎಂಬ ಪದಕ್ಕೆ ಡಬ್ಬಿ ಬರುತ್ತಿದೆ. ಊಟಕ್ಕೆ ಸರಿಯಾಗಿ ಬಂತು. ಕೋಡ್ ತಪ್ಪೇ?

ಕೀಲಿ_ಕೈಪಿಡಿ

ಕೋಡ್ ಸರಿ ಇದೆ, ವರ್ಡಿಗೆ ಹಸಿವು ಜಾಸ್ತಿ. ಕಣ್ಣು ಬರೆಯಲು ನೀವು ಇಂಗ್ಲಿಷಿನ ಕೆ, ಎ ಒತ್ತಿ, ಅದಕ್ಕೆ ಅಂಟಿಕೊಂಡೇ 0273 ಬರೆದು ಆಲ್ಟ್ ಎಕ್ಸ್ ಒತ್ತಿದ್ದೀರಿ. ಎಯಿಂದ ಎಫ್ ತನಕದ ಅಕ್ಷರಗಳು ಹದಿನಾರರ ಲೆಕ್ಕದಲ್ಲಿ ಅಂಕಿಗಳೂ ಹೌದು. ವರ್ಡ್ ಹಿಂದಕ್ಕೆ ಓದುತ್ತಾ ಆ ಎಯನ್ನೂ ನುಂಗಿ ಎ0273 ಎಂಬ ಕೋಡ್ ಹುಡುಕುತ್ತದೆ. ಆ ವಿಳಾಸದಲ್ಲಿ ಯಾರೂ ಇಲ್ಲ, ಆದ್ದರಿಂದ ಡಬ್ಬಿ. ಊಟದಲ್ಲಿ ಟಕಾರದ ಹಿಂದೆ ಇದ್ದದ್ದು ದೀರ್ಘ ಚಿಹ್ನೆ, ಅದು ಅಂಕಿ ಅಲ್ಲ, ಬಚಾವ್.

ಪರಿಹಾರ: 0273 ಎಂಬ ನಾಲ್ಕು ಅಂಕಿಗಳನ್ನು ಮಾತ್ರ ಆಯ್ಕೆ ಮಾಡಿ ಆಲ್ಟ್ ಎಕ್ಸ್ ಒತ್ತಿ. ಇಲ್ಲವೇ ಕೋಡಿನ ಮುಂದೆ ಯು ಮತ್ತು ಕೂಡಿಸು ಚಿಹ್ನೆ ಸೇರಿಸಿ ಬರೆಯಿರಿ, ಆಗ ವರ್ಡ್ ಅಲ್ಲಿಗೇ ನಿಲ್ಲುತ್ತದೆ. ಲಿಬ್ರೆ ಆಫೀಸಿನಲ್ಲೂ ಆಲ್ಟ್ ಎಕ್ಸ್ ನಡೆಯುತ್ತದೆ. ಮ್ಯಾಕ್‌ನಲ್ಲಿ ಯೂನಿಕೋಡ್ ಹೆಕ್ಸ್ ಇನ್‌ಪುಟ್ ಎಂಬ ಕೀಲಿಮಣೆಯನ್ನು ಸೇರಿಸಿಕೊಂಡು, ಆಪ್ಷನ್ ಒತ್ತಿ ಹಿಡಿದು ನಾಲ್ಕು ಅಂಕಿ.

ಆದರೆ 280 ಪುಟಕ್ಕೆ ಕೋಡ್ ಬರೆಯುತ್ತಾ ಕೂರುವುದು ಹುಚ್ಚು. ಕೀಮ್ಯಾನ್ ಎಂಬ ಕೀಲಿಮಣೆ ತಂತ್ರಾಂಶ ಹಾಕಿಕೊಳ್ಳಿ, ಉಚಿತ, ಈಗ ಎಸ್‌ಐಎಲ್‌ನದೇ. ಅದರಲ್ಲಿ ಐಪಿಎ ಎಸ್‌ಐಎಲ್ ಎಂಬ ಕೀಲಿಮಣೆ ಇಳಿಸಿಕೊಂಡರೆ, ಹತ್ತಿರದ ಇಂಗ್ಲಿಷ್ ಅಕ್ಷರ ಒತ್ತಿ ಅದರ ಹಿಂದೆಯೇ ಕಿರಿದು, ಹಿರಿದು ಅಥವಾ ಸಮ ಚಿಹ್ನೆ ಒತ್ತಿದರೆ ಬಳಗದ ಬೇರೆ ಬೇರೆ ಚಿಹ್ನೆಗಳು ಬರುತ್ತವೆ. ಎನ್ ಒತ್ತಿ ಹಿರಿದು ಚಿಹ್ನೆ ಒತ್ತಿದರೆ ಙಕಾರ, ಇ ಒತ್ತಿ ಸಮ ಚಿಹ್ನೆ ಒತ್ತಿದರೆ ತಲೆಕೆಳಗಾದ ಇ. ಎರಡು ದಿನದಲ್ಲಿ ಬೆರಳಿಗೆ ಹತ್ತುತ್ತದೆ. ಕನ್ನಡಕ್ಕೂ ಐಪಿಎಗೂ ನಡುವೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಓಡಾಡಬಹುದು. ಕೀಮ್ಯಾನ್ ಬಳಸುವಾಗ ನುಡಿ, ಬರಹ ತಂತ್ರಾಂಶಗಳು ಹಿನ್ನೆಲೆಯಲ್ಲಿ ಓಡುತ್ತಿರಬಾರದು. ಒಂದೇ ಕೀಲಿಗೆ ಇಬ್ಬರು ಯಜಮಾನರಾದರೆ ಅರ್ಧ ಅಕ್ಷರ ಅವರದು, ಅರ್ಧ ಇವರದು.

ಅಚ್ಚುಮೊಳೆ

ಈಗ ಫಾಂಟ್. ಎಸ್‌ಐಎಲ್‌ನ ಮೂರು ಉಚಿತ ಯೂನಿಕೋಡ್ ಫಾಂಟುಗಳು ಸಾಕು: ಡೂಲೋಸ್, ಕ್ಯಾರಿಸ್, ಜೆಂಟಿಯಮ್. ಮೂರೂ ಓಪನ್ ಫಾಂಟ್ ಲೈಸೆನ್ಸಿನವು, ಕಡತದ ಜೊತೆ ಪ್ರೆಸ್ಸಿಗೂ ಕಳಿಸಬಹುದು. ಇದೇ ಡೂಲೋಸ್ ಹೆಸರಿನ ಹಳೆಯ ಐಪಿಎ93 ಬೇರೆ, ಇದು ಬೇರೆ. ಹೊಸ ಡೂಲೋಸ್ ಟೈಮ್ಸ್ ಮುಖದ್ದು, ಆದರೆ ಅದಕ್ಕೆ ಒಂದೇ ರೂಪ, ನೆಟ್ಟಗಿರುವುದು. ಬೋಲ್ಡ್ ಒತ್ತಿದರೆ ವರ್ಡ್ ತಾನೇ ಮಸಿ ಬಳಿದು ದಪ್ಪ ಮಾಡುತ್ತದೆ, ಇಟ್ಯಾಲಿಕ್ ಒತ್ತಿದರೆ ಅಕ್ಷರವನ್ನು ಹಿಡಿದು ವಾಲಿಸುತ್ತದೆ. ಶೀರ್ಷಿಕೆಗಳಲ್ಲಿ ಐಪಿಎ ಬರುವುದಾದರೆ ನಾಲ್ಕೂ ರೂಪಗಳಿರುವ ಕ್ಯಾರಿಸ್ ತೆಗೆದುಕೊಳ್ಳಿ. ನನ್ನ ಮತ ಅದಕ್ಕೇ.

ಐಪಿಎಯನ್ನು ಇಟ್ಯಾಲಿಕ್ ಮಾಡಲೇಬೇಡಿ. ಇಟ್ಯಾಲಿಕ್ ಆದಾಗ ಸಾದಾ ಎ ಅಕ್ಷರದ ಮೇಲಿನ ಕೊಕ್ಕೆ ಹೋಗಿ ಅದು ಹಿಂಸ್ವರ (ನಾಲಗೆ ಹಿಂದೆ ಸರಿದು ಬರುವ ಸ್ವರ) 0251ರ ಥರ ಕಾಣುತ್ತದೆ. ಎರಡು ಬೇರೆ ಸ್ವರಗಳು ಒಂದಾದವು ಅಂತಲೇ ಲೆಕ್ಕ.

ವರ್ಡಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಫಾಂಟ್ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಒಳಗೆ ಲ್ಯಾಟಿನ್, ಪೂರ್ವ ಏಷ್ಯಾ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದು ಬೇರೆ ಬೇರೆ ಖಾನೆಗಳಿವೆ. ಕನ್ನಡ ಕಾಂಪ್ಲೆಕ್ಸ್ ಖಾನೆಗೆ ಸೇರುತ್ತದೆ, ಐಪಿಎ ಲ್ಯಾಟಿನ್ ಖಾನೆಗೆ. ಗಾತ್ರವೂ ಖಾನೆಗೊಂದು. ಇಂಗ್ಲಿಷ್ 11ಕ್ಕೆ ಇಳಿದರೂ ಕನ್ನಡ ಕದಲಲಿಲ್ಲ ಎಂಬ ದೂರಿನ ಗುಟ್ಟು ಇದೇ. ಮೊದಲು ಫೈಲ್, ಆಪ್ಷನ್ಸ್, ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡವನ್ನು ಬರವಣಿಗೆಯ ಭಾಷೆಯಾಗಿ ಸೇರಿಸಿ. ಆಮೇಲೆ ನಾರ್ಮಲ್ ಸ್ಟೈಲಿನ ಮಾಡಿಫೈ ಪೆಟ್ಟಿಗೆಯಲ್ಲಿ ಆಲ್ ಸ್ಕ್ರಿಪ್ಟ್ಸ್ ಎಂದಿರುವ ಪಟ್ಟಿಯಿಂದ ಕಾಂಪ್ಲೆಕ್ಸ್ ಆರಿಸಿ ನಿರ್ಮಲಾ ಯುಐ ಅಥವಾ ನೋಟೋ ಸೆರಿಫ್ ಕನ್ನಡ 12 ಕೊಡಿ, ಲ್ಯಾಟಿನ್ ಆರಿಸಿ ಕ್ಯಾರಿಸ್ 11 ಕೊಡಿ. ಲಿಬ್ರೆ ಆಫೀಸಿನಲ್ಲಿ ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ಒಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿದರೆ ಇದೇ ಖಾನೆಗಳು ಅಕ್ಕಪಕ್ಕ ಕಾಣುತ್ತವೆ.

ಪೂರ್ವ ಏಷ್ಯಾ ಖಾನೆಗೂ ಕ್ಯಾರಿಸ್ ಕೊಡಿ. ಚೀನೀ ನಮಗೇಕೆ ಅನ್ನಬೇಡಿ. ಹಿಂಸ್ವರ 0251, ಗಕಾರ 0261, ದೀರ್ಘ 02ಡಿ0 ಈ ಮೂರು ಚೀನೀ, ಜಪಾನೀ ಫಾಂಟುಗಳಲ್ಲೂ ಇರುವುದರಿಂದ ಯೂನಿಕೋಡ್ ಅವುಗಳ ಅಗಲವನ್ನು ಅನಿಶ್ಚಿತ ಎಂದು ಗುರುತಿಸಿದೆ. ವರ್ಡ್ ಕೆಲವೊಮ್ಮೆ ಇಂಥವನ್ನು ಆ ಖಾನೆಗೆ ತಳ್ಳುತ್ತದೆ. ಪದದ ಉಳಿದ ಅಕ್ಷರ ಕ್ಯಾರಿಸ್, ದೀರ್ಘ ಮಾತ್ರ ಜಪಾನೀ ಫಾಂಟಿನಲ್ಲಿ ಅಗಲವಾಗಿ ದೂರ ಹೋಗಿ ನಿಲ್ಲುತ್ತದೆ.

ಕೊನೆಗೆ ಐಪಿಎ ಎಂಬ ಹೆಸರಿನ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ: ಮೂರೂ ಖಾನೆಗೆ ಕ್ಯಾರಿಸ್, ಭಾಷೆಯ ಪೆಟ್ಟಿಗೆಯಲ್ಲಿ ಕಾಗುಣಿತ ಪರೀಕ್ಷೆ ಬೇಡ ಎಂಬುದಕ್ಕೆ ಗುರುತು. ಐಪಿಎ ಬಂದಲ್ಲೆಲ್ಲ ಇದೇ ಸ್ಟೈಲ್. ಆಟೋಕರೆಕ್ಟ್‌ನಲ್ಲಿ ಒಂಟಿ ಐಯನ್ನು, ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಯ್ಕೆಗಳನ್ನೂ ಸ್ಮಾರ್ಟ್ ಕೋಟ್ಸ್ ಅನ್ನೂ ಆಫ್ ಮಾಡಿಬಿಡಿ. ಇಲ್ಲದಿದ್ದರೆ ಕೋಷ್ಟಕದ ಪ್ರತಿ ಕೋಣೆಯ ಮೊದಲಕ್ಷರ ದೊಡ್ಡದಾಗಿ ಕೂರುತ್ತದೆ. ಐಪಿಎಯಲ್ಲಿ ದೊಡ್ಡ ಆರ್ ಆಕಾರದ ಚಿಹ್ನೆಗೆ ಅರ್ಥವೇ ಬೇರೆ.

ಡಿಟಿಪಿ_ಬಳಗ

ಪರಿವರ್ತನೆಯ ಕ್ರಮ ಹೇಳುತ್ತೇನೆ. ಕ್ರಮ ತಪ್ಪಿದರೆ ವಾಪಸ್ ಬರುವ ದಾರಿ ಇಲ್ಲ, ಮೊದಲು ಮೂಲ ಕಡತದ ನಕಲು ತೆಗೆದಿಡಿ.

ಅಂಟಿಸಿ ಪರಿವರ್ತಿಸುವ ಸಾಧನಗಳಿಗೆ ಯಾವ ಅಕ್ಷರಕ್ಕೆ ಯಾವ ಫಾಂಟ್ ಇತ್ತು ಅನ್ನೋದು ಗೊತ್ತಾಗುವುದಿಲ್ಲ. ಬಂದ ಇಂಗ್ಲಿಷ್ ಕೋಡುಗಳನ್ನೆಲ್ಲ ನುಡಿ ಎಂದೇ ತಿಳಿದು ಕನ್ನಡ ಮಾಡುತ್ತವೆ. ಯೂನಿಕೋಡ್ ಐಪಿಎ ಪದ ಕೊಟ್ಟರೆ ಇನ್ನೂ ಮಜಾ: ಕಣ್ಣು ಎಂಬುದರ ಕೆ, ಎ, ಯು ಮೂರೂ ಕನ್ನಡದ ತುಂಡುಗಳಾಗುತ್ತವೆ, ನಡುವಿನ ಬಾಲದ ಣ ಮಾತ್ರ ಹಾಗೇ ಉಳಿಯುತ್ತದೆ. ನಿಮ್ಮ ಕಲಸುಮೇಲೋಗರದ ಮೂಲ ಇದು. ಆದ್ದರಿಂದ ಫಾಂಟಿನ ಹೆಸರು ಹಿಡಿದೇ ಪರಿವರ್ತಿಸಬೇಕು.

ಮೊದಲು ಗುರುತು ಹಾಕಿ. ಕಂಟ್ರೋಲ್ ಎಚ್, ಮೋರ್, ಫಾರ್ಮ್ಯಾಟ್, ಫಾಂಟ್. ಹುಡುಕುವ ಕಡೆ ಅಕ್ಷರ ಖಾಲಿ, ಫಾಂಟ್ ಐಪಿಎ93ರ ಪೂರ್ತಿ ಹೆಸರು. ಬದಲಿಸುವ ಕಡೆಯೂ ಖಾಲಿ, ಫಾರ್ಮ್ಯಾಟ್ ಹೈಲೈಟ್. ರಿಪ್ಲೇಸ್ ಆಲ್ ಮಾಡಿದರೆ ಹಳೆಯ ಐಪಿಎ ಎಲ್ಲ ಹಳದಿ. ಹಾಗೆಯೇ ನುಡಿಗೆ ಹಸಿರು. ಫಾಂಟ್ ಹೆಸರಿನ ನಡುವಿನ ಖಾಲಿ ಜಾಗ ತಪ್ಪಿದರೂ ಹುಡುಕಾಟ ಸೊನ್ನೆ. ಕನ್ನಡವಾಗಿ ಕಂಡೂ ಹಸಿರಾಗದ ಸಾಲುಗಳು ಬೇರೆ ನುಡಿ ಫಾಂಟಿನಲ್ಲಿರಬಹುದು, 02, 05 ಇತ್ಯಾದಿ.

ನಂತರ ಐಪಿಎ. ಎಸ್‌ಐಎಲ್ ಕನ್ವರ್ಟರ್ಸ್ ಜೊತೆ ಬರುವ ಬಲ್ಕ್ ವರ್ಡ್ ಡಾಕ್ಯುಮೆಂಟ್ ಕನ್ವರ್ಟರ್ ಕಡತದ ಫಾಂಟುಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ. ಐಪಿಎ93 ಎದುರಿಗೆ ಅದರ ಟೆಕ್‌ಕಿಟ್ ನಕ್ಷೆ (ಹಳೆಯ ಕೋಡಿಗೆ ಯಾವ ಯೂನಿಕೋಡ್ ಎಂಬ ಪಟ್ಟಿ) ಕೊಟ್ಟು, ಫಲಿತಾಂಶದ ಫಾಂಟ್ ಕ್ಯಾರಿಸ್ ಎಂದು ಕೊಡಿ. ಕೈಯಲ್ಲಿ ಒಂದೊಂದಾಗಿ ಬದಲಿಸುವವರಿಗೆ ಎಚ್ಚರಿಕೆ: ಹಳೆಯ ಫಾಂಟಿನಲ್ಲಿ ಒಂದೇ ಗುರುತಿಗೆ ಎತ್ತರದ ಅಕ್ಷರಕ್ಕೊಂದು, ಗಿಡ್ಡ ಅಕ್ಷರಕ್ಕೊಂದು ಕೋಡ್ ಇರುತ್ತಿತ್ತು. ಯೂನಿಕೋಡಿನಲ್ಲಿ ಎಲ್ಲವೂ ಒಂದೇ ಕೋಡಿಗೆ ಬರಬೇಕು.

ಕೊನೆಯಲ್ಲಿ ನುಡಿ. ಹಸಿರು ಭಾಗ ಮಾತ್ರ, ಮ್ಯಾಕ್ರೋ ಮೂಲಕ ತುಂಡು ತುಂಡಾಗಿ ಪರಿವರ್ತನೆಗೆ ಕೊಟ್ಟು ಅದೇ ಜಾಗಕ್ಕೆ ಹಾಕಿಸಿ. ಮುಗಿದ ಮೇಲೆ ಅರ್ಕಾವತ್ತು ಇರುವ ಪದಗಳು, ರ‍್ಯಾ ಬರುವ ಪದಗಳು, ಒತ್ತಿನ ಮೇಲೆ ದೀರ್ಘ ಬರುವ ಪದಗಳನ್ನು ಕಣ್ಣಿಟ್ಟು ನೋಡಿ. ಮುರಿಯುವುದು ಅಲ್ಲೇ.

ಕೊಡವ_ಪದಕೋಶ

ಪ್ರಬಂಧದ ಹಿಂದೆ ಪದಪಟ್ಟಿ ಇರುತ್ತದೆ, ಅದನ್ನು ವರ್ಡಿನಲ್ಲಿ ಕಟ್ಟಬೇಡಿ. ಫೀಲ್ಡ್‌ವರ್ಕ್ಸ್ ಎಂಬ ಪದಕೋಶ ತಂತ್ರಾಂಶದಲ್ಲಿ ತುಳುವಿಗೆ ಎರಡು ಬರವಣಿಗೆ ವ್ಯವಸ್ಥೆ ತೆರೆಯಿರಿ, ಒಂದು ಕನ್ನಡ ಲಿಪಿ, ಇನ್ನೊಂದು ಐಪಿಎ. ಫಾಂಟ್, ಕೀಲಿಮಣೆ, ಅಕಾರಾದಿ ಕ್ರಮ ಮೂರನ್ನೂ ಬೇರೆ ಬೇರೆ ಕೊಡಬಹುದು. ಖಾನೆಗೆ ಕರ್ಸರ್ ಹೋದ ಕೂಡಲೇ ಕೀಮ್ಯಾನ್ ತಾನೇ ಬದಲಾಗುತ್ತದೆ. ವರ್ಡ್, ಎಕ್ಸೆಲ್ ಕೊಡುವ ಕ್ರಮದಲ್ಲಿ ಮೂರ್ಧನ್ಯಗಳು (ಟ, ಡ, ಣ, ಳ ಥರದವು) ನಮ್ಮ ವರ್ಗದ ಲೆಕ್ಕಕ್ಕೆ ಕೂರುವುದಿಲ್ಲ.

ಎಕ್ಸೆಲ್ ಬಳಸಲೇಬೇಕಿದ್ದರೆ ಎರಡು ಸಂಗತಿ. ಪ್ರತ್ಯಯಗಳನ್ನು ಅಡ್ಡಗೆರೆಯಿಂದ ಶುರುಮಾಡಿ ಬರೆಯುತ್ತೇವೆ, ಎಕ್ಸೆಲ್ ಅದನ್ನು ಲೆಕ್ಕದ ಸೂತ್ರ ಅಂದುಕೊಂಡು ದೋಷ ತೋರಿಸುತ್ತದೆ. ಟೈಪ್ ಮಾಡುವ ಮೊದಲೇ ಆ ಕಂಬಸಾಲನ್ನು ಟೆಕ್ಸ್ಟ್ ಎಂದು ಮಾಡಿ. ಸಿಎಸ್‌ವಿ ಕಡತವನ್ನು ಎರಡು ಸಲ ಒತ್ತಿ ತೆರೆಯಬೇಡಿ. ಡೇಟಾ ಮೆನುವಿನ ಫ್ರಮ್ ಟೆಕ್ಸ್ಟ್ ಮೂಲಕ ತಂದು 65001 ಯುಟಿಎಫ್-8 ಆರಿಸಿ.

ಇನ್ನೊಂದು, ಇದರ ಬಗ್ಗೆ ಯಾರೂ ಹೇಳಿಲ್ಲ. ದ್ರಾವಿಡ ಭಾಷಾಶಾಸ್ತ್ರದ ಹಳೆಯ ಬರವಣಿಗೆಯಿಂದ ಉದಾಹರಣೆ ಎತ್ತಿಕೊಂಡಾಗ ಮೂರ್ಧನ್ಯಕ್ಕೆ ಕೆಳಚುಕ್ಕೆ ಇರುತ್ತದೆ, ಅದು ಐಪಿಎ ಅಲ್ಲ. ಭಾಷಾವಿಜ್ಞಾನಿ ಎಮೆನೋ ಕೊಡವದ ಸ್ವರಗಳಿಗೆ ಮೇಲೆ ಎರಡು ಚುಕ್ಕೆ ಬಳಸಿದರು, ಐಪಿಎಯಲ್ಲಿ ಆ ಎರಡು ಚುಕ್ಕೆಗೆ ನಡುವಿಗೆ ಸರಿದ ಸ್ವರ ಎಂದರ್ಥ. ಋಕಾರಕ್ಕೆ, ಭಾರತೀಯ ಲಿಪಿಗಳನ್ನು ರೋಮನ್‌ಗೆ ತರುವ ಐಎಸ್‌ಓ 15919 ಪದ್ಧತಿಯಲ್ಲಿ ಕೆಳಗೆ ಸೊನ್ನೆ, ಐಪಿಎಯಲ್ಲಿ ಅದೇ ಸೊನ್ನೆ ಅಘೋಷದ ಗುರುತು. ಎರಡು ಪದ್ಧತಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಪರೀಕ್ಷಕರು ಕೆಂಪು ಶಾಯಿ ತೆಗೆಯುತ್ತಾರೆ, ತೆಗೆಯಲೇಬೇಕು.

ಕೆಳಚುಕ್ಕೆಯ ಟ ಯೂನಿಕೋಡಿನಲ್ಲಿ ಎರಡು ರೀತಿ ಬರುತ್ತದೆ. 1ಇ6ಡಿ ಎಂಬ ಒಂದೇ ಅಕ್ಷರವಾಗಿ, ಇಲ್ಲವೇ ಸಾದಾ ಟಿ ಮತ್ತು 0323 ಎಂಬ ಎರಡರ ಜೋಡಿಯಾಗಿ. ಕಣ್ಣಿಗೆ ಒಂದೇ, ವರ್ಡಿನ ಹುಡುಕಾಟಕ್ಕೆ ಬೇರೆ. ಒಂದೇ ಪದ ಪಟ್ಟಿಯಲ್ಲಿ ಎರಡು ಸಲ ಬಂದರೆ ಮೊದಲು ಇದನ್ನು ಅನುಮಾನಿಸಿ. ನೋಟ್‌ಪ್ಯಾಡ್‌ಗೆ ಅಂಟಿಸಿ ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ ನೋಡಿ, ಚುಕ್ಕೆ ಮಾತ್ರ ಹೋದರೆ ಅದು ಜೋಡಿ. ಒಂದು ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ಅಕ್ಷರದ ರೂಪಕ್ಕೆ ತನ್ನಿ, ಜೋಡಿಯಾಗಿ ಮಾತ್ರ ಇರುವಂಥವು ಜೋಡಿಯಾಗಿಯೇ ಉಳಿಯುತ್ತವೆ, ತೊಂದರೆ ಇಲ್ಲ.

ಕೀಲಿ_ಕೈಪಿಡಿ

ಧ್ವನಿ ವಿಶ್ಲೇಷಣೆ ಅಂದಿರಿ, ಹಾಗಾದರೆ ಪ್ರಾಟ್ ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶ ಇದ್ದೇ ಇರುತ್ತದೆ. ಅದರ ಟೆಕ್ಸ್ಟ್‌ಗ್ರಿಡ್‌ನಲ್ಲಿ ಹಿಂಬಾಗು ಗೆರೆ ಹಾಕಿ ಎರಡು ಕೀಲಿ ಒತ್ತಿದರೆ ಚಿಹ್ನೆ ಬರುತ್ತದೆ: ಟಿ ಮತ್ತು ಚುಕ್ಕೆಗೆ ಟಕಾರ, ಎನ್ ಮತ್ತು ಚುಕ್ಕೆಗೆ ಣಕಾರ, ಎಸ್ ಎಚ್‌ಗೆ ಶಕಾರ, ಕೋಲನ್ ಎಫ್‌ಗೆ ದೀರ್ಘ. ಅಲ್ಲಿಂದ ವರ್ಡಿಗೆ ತರುವ ಮುನ್ನ ಮಾಡಿಫೈ ಮೆನುವಿನಲ್ಲಿರುವ ಕನ್ವರ್ಟ್ ಟು ಯೂನಿಕೋಡ್ ಒತ್ತಿ, ಇಲ್ಲದಿದ್ದರೆ ಗೆರೆ ಮತ್ತು ಚುಕ್ಕೆಗಳೇ ಕಡತದಲ್ಲಿ ಬರಬಹುದು. ಟೆಕ್ಸ್ಟ್ ರೈಟಿಂಗ್ ಆಯ್ಕೆಯನ್ನು ಯುಟಿಎಫ್-8ಕ್ಕೆ ಇಡಿ. ಹಾಗೇ ಬಿಟ್ಟರೆ ಐಪಿಎ ಇರುವ ಕಡತ ಯುಟಿಎಫ್-16ರಲ್ಲಿ ಉಳಿಯುತ್ತದೆ, ಬೇರೆ ಸ್ಕ್ರಿಪ್ಟುಗಳು ಅದನ್ನು ಓದಲು ತಡಬಡಾಯಿಸುತ್ತವೆ. ಈಲಾನ್ ಎಂಬ ಟಿಪ್ಪಣಿ ತಂತ್ರಾಂಶಕ್ಕೆ ತರುವಾಗಲೂ ಯಾವ ಎನ್‌ಕೋಡಿಂಗ್ ಎಂದು ಸರಿಯಾಗಿ ಹೇಳಿ. ಚಿತ್ರ ತೆಗೆಯುವಾಗ ಲೇಬಲ್‌ನಲ್ಲಿ ಅಂಡರ್‌ಸ್ಕೋರ್ ಇದ್ದರೆ ಮುಂದಿನ ಅಕ್ಷರ ಚಿಕ್ಕದಾಗಿ ಕೆಳಗಿಳಿಯುತ್ತದೆ, ಅದು ಪ್ರಾಟಿನ ಫಾರ್ಮ್ಯಾಟ್ ಗುರುತು.

ಜೋಡಣೆ_ಲೇಟೆಕ್

ಹೊಸದಾಗಿ ಶುರುಮಾಡುವವರಿಗೆ ಮಾತ್ರ: ಜೀಲೇಟೆಕ್ (ಆಜ್ಞೆ ಬರೆದು ಪುಟ ಜೋಡಿಸುವ ತಂತ್ರಾಂಶ), ಅದರ ಫಾಂಟ್‌ಸ್ಪೆಕ್ ಪ್ಯಾಕೇಜ್, ಕ್ಯಾರಿಸ್. ಕನ್ನಡ ಫಾಂಟ್ ಕೊಡುವಾಗ ಸ್ಕ್ರಿಪ್ಟ್ ಕನ್ನಡ ಎಂಬ ಆಯ್ಕೆ ಬಿಟ್ಟರೆ ಒತ್ತಕ್ಷರ ಕಟ್ಟಿಕೊಳ್ಳುವುದಿಲ್ಲ, ಅರ್ಧಾಕ್ಷರಗಳು ಸಾಲಾಗಿ ನಿಲ್ಲುತ್ತವೆ. ಲುವಾಲೇಟೆಕ್ ಆದರೆ ರೆಂಡರರ್ ಹಾರ್ಫ್‌ಬಜ್ ಎಂದೂ ಕೊಡಬೇಕು. ಪದಕ್ಕೆ ಪದ ಅರ್ಥ ಜೋಡಿಸುವ ಸಾಲುಗಳಿಗೆ ಜಿಬಿ4ಇ ಅಥವಾ ಎಕ್ಸ್‌ಪೆಕ್ಸ್. ಹಳೆಯ ಟೀಪಾ ಪ್ಯಾಕೇಜ್ ಮುದ್ರಣಕ್ಕೆ ಚೆಂದ, ಆದರೆ ಅದರ ಪಿಡಿಎಫ್‌ನಿಂದ ಪದ ನಕಲಿಸಿದರೆ ಬೇರೇನೋ ಅಕ್ಷರಗಳು ಬರುತ್ತವೆ. 280 ಪುಟ ವರ್ಡಿನಲ್ಲಿ ಮುಗಿಸಿದವರು ಈಗ ಇತ್ತ ಬರುವುದು ಬೇಡ.

ಪದಪಟ್ಟಿ_ತುಳು

ಹಳದಿ, ಹಸಿರು ಎರಡೂ ಮುಗಿದವು. 02 ಫಾಂಟಿನಲ್ಲಿ 11 ಪುಟ ಅಡಗಿದ್ದವು. ಈಗ ಸಾಲುಗಳ ಅಂತರ ಏರುಪೇರು, ಐಪಿಎ ಇರುವ ಸಾಲು ದೂರ, ಇಲ್ಲದ ಸಾಲು ಹತ್ತಿರ. ಪ್ರೆಸ್ಸಿಗೆ ಏನು ಹೇಳಲಿ?

ಡಿಟಿಪಿ_ಬಳಗ

ಮೇಲೆ ಕೆಳಗೆ ಗುರುತುಗಳು ಒಂದರ ಮೇಲೊಂದು ಕೂರಲಿ ಅಂತ ಕ್ಯಾರಿಸ್ ತನ್ನ ಸಾಲಿನ ಎತ್ತರವನ್ನು ಧಾರಾಳವಾಗಿ ಇಟ್ಟುಕೊಂಡಿದೆ. ಪ್ಯಾರಾಗ್ರಾಫ್‌ನಲ್ಲಿ ಲೈನ್ ಸ್ಪೇಸಿಂಗ್ ಎಕ್ಸಾಕ್ಟ್ಲಿ ಕೊಡಿ. ಕನ್ನಡ 12, ಕ್ಯಾರಿಸ್ 11 ಇದ್ದರೆ 20 ಪಾಯಿಂಟ್‌ನಿಂದ ಶುರುಮಾಡಿ. 15, 16ಕ್ಕೆ ಇಳಿಸಿದರೆ ಕನ್ನಡದ ಒತ್ತಕ್ಷರದ ಬುಡ ಕತ್ತರಿಸುತ್ತದೆ. "ಸ್ತ್ರೀ" ಇರುವ ಸಾಲನ್ನು ನೋಡಿ ತೀರ್ಮಾನಿಸಿ.

ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ, ಯಾವ ಪ್ಲಗಿನ್ ಆಸೆಯೂ ಬೇಡ. ಅಲ್ಲಿ ಕೂತು ಮತ್ತೆ ಹಳೆಯ ಫಾಂಟಿಗೆ ಇಳಿಸಿದರೆ ಇಷ್ಟು ದಿನದ ಕೆಲಸ ನೀರಿಗೆ. ವರ್ಡ್‌ನಿಂದಲೇ ಪಿಡಿಎಫ್ ಮಾಡಿ, ಪುಟದ ಅಳತೆ, ಅಂಚುಗಳನ್ನು ಪ್ರೆಸ್ಸಿನವರಿಂದ ಮೊದಲೇ ಕೇಳಿ ಹೊಂದಿಸಿಕೊಂಡು ಅದನ್ನೇ ಕೊಡಿ. ಅವರು ಇನ್‌ಡಿಸೈನ್ ಬಳಸುವವರಾದರೆ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಲು ಹೇಳಿ, ಅದಿಲ್ಲದೆ ಕನ್ನಡ ಕಟ್ಟಿಕೊಳ್ಳುವುದಿಲ್ಲ. ಕ್ಯಾರಿಸ್ ಫಾಂಟ್ ಕಡತಗಳನ್ನೂ ಜೊತೆಗೆ ಕಳಿಸಿ.

ಪಿಡಿಎಫ್ ಆದ ಮೇಲೆ ಪ್ರಾಪರ್ಟೀಸ್‌ನ ಫಾಂಟ್ಸ್ ಪುಟ ನೋಡಿ. ಪ್ರತಿ ಹೆಸರಿನ ಮುಂದೆ ಎಂಬೆಡೆಡ್ ಎಂದಿರಬೇಕು. ಪಟ್ಟಿಯಲ್ಲಿ ನುಡಿ ಅಥವಾ ಐಪಿಎ93 ಕಂಡರೆ ಎಲ್ಲೋ ಒಂದು ಪದ ತಪ್ಪಿಸಿಕೊಂಡಿದೆ. ಅಡಿಟಿಪ್ಪಣಿ, ಪುಟದ ತಲೆಬರಹ, ಟೆಕ್ಸ್ಟ್ ಬಾಕ್ಸ್ ಮೂರೂ ಕಡೆ ಹುಡುಕಿ.

ಪದಪಟ್ಟಿ_ತುಳು

20 ಸರಿಹೋಯಿತು. ಫಾಂಟ್ ಪಟ್ಟಿಯಲ್ಲಿ ಐಪಿಎ93 ಇನ್ನೂ ಒಂದಿದೆ. ಅಡಿಟಿಪ್ಪಣಿಗಳಲ್ಲಿ ಹುಡುಕಿದರೂ ಸಿಗುತ್ತಿಲ್ಲ.

ಅಚ್ಚುಮೊಳೆ

ಪುಟ ಒಡೆದ ಗುರುತುಗಳನ್ನೂ ಖಾಲಿ ಪ್ಯಾರಾಗಳನ್ನೂ ನೋಡಿ. ಹೋಮ್ ಪಟ್ಟಿಯಲ್ಲಿ ಪ್ಯಾರಾ ಚಿಹ್ನೆಯ ಗುಂಡಿ ಒತ್ತಿದರೆ ಅಡಗಿದ್ದೆಲ್ಲ ಕಾಣುತ್ತದೆ. ಹಳೆಯ ಐಪಿಎ ಪದದ ಹಿಂದಿನ ಒಂದು ಸ್ಪೇಸ್ ಆ ಫಾಂಟಿನಲ್ಲೇ ಉಳಿದುಕೊಂಡರೂ ಪಿಡಿಎಫ್ ಅದರ ಹೆಸರು ಬರೆದುಕೊಳ್ಳುತ್ತದೆ. ಅಲ್ಲೂ ಸಿಗದಿದ್ದರೆ ಜಿಪ್ ಬಿಚ್ಚಿ ನಂಬರಿಂಗ್ ಎಂಬ ಎಕ್ಸ್‌ಎಂಎಲ್ ಕಡತ ನೋಡಿ, ಪಟ್ಟಿಯ ಬುಲೆಟ್ಟುಗಳಿಗೆ ಯಾರೋ ಆ ಫಾಂಟಿನ ಚಿಹ್ನೆ ಕೊಟ್ಟಿರಬಹುದು.

ಪದಪಟ್ಟಿ_ತುಳು

ಬುಲೆಟ್ಟೇ. ಮೂರನೇ ಅಧ್ಯಾಯ, ಒಂದೇ ಪಟ್ಟಿ. ಬದಲಿಸಿದೆ, ಈಗ ಫಾಂಟ್ಸ್ ಪುಟದಲ್ಲಿ ಕ್ಯಾರಿಸ್, ನೋಟೋ ಸೆರಿಫ್ ಕನ್ನಡ ಎರಡೇ.